ಉಪ್ಪು ಚಿಟಿಕೆ, ಸಕ್ಕರೆ ಚಮಚ

ಸಭೆಯ ಹಿರಿಯರೇ, ಪತ್ರಿಕೆಯ ಗೆಳೆಯರೇ, ಮಣಿಪಾಲದಿಂದ ಬಂದಿರುವ ಡಾಕ್ಟರರೇ, ದಾದಿಯರೇ, ಕಾರ್ಕಳದಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಜೋನ್ ಅವರೇ — ಎಲ್ಲರಿಗೂ ನಮಸ್ಕಾರ.

ಜೋನ್ ಅವರೇ, ತೀರಿಹೋದ ನಿಮ್ಮ ಅಕ್ಕ ಕಾನ್ಸೆಪ್ಟಾ ಬಾಯಿಯವರ ಬಗ್ಗೆ ನಿಮಗೇ ಗೊತ್ತಿಲ್ಲದ ಒಂದು ಸಂಗತಿಯನ್ನು ಇವರೆಲ್ಲರ ಎದುರು ಹೇಳಬೇಕೆಂದು ಇಲ್ಲಿ ನಿಂತಿದ್ದೇನೆ. ಹೇಳಲು ಎಂಟು ವರ್ಷ ತಡ ಮಾಡಿದ್ದೇನೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ನನ್ನ ಹೆಸರು ಉಸ್ಮಾನ್. ಊರು ಕಾಪು. ಪತ್ರಿಕೆಯಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಬೇರೆಯವರ ತಪ್ಪು ಹುಡುಕಿ ಹುಡುಕಿ ಅಭ್ಯಾಸವಾದವನು, ಭಾಷಣ ಮಾಡಿ ಗೊತ್ತಿಲ್ಲ. ಎಲ್ಲಾದರೂ ತಡವರಿಸಿದರೆ ನೀವೇ ತಿದ್ದಿಕೊಳ್ಳಿ.

ಕಾನ್ಸೆಪ್ಟಾ ಬಾಯಿ — ನಮಗೆಲ್ಲ ಬರೀ ‘ಬಾಯಿ’ — ಉಡುಪಿಯ ನಮ್ಮ ಕಚೇರಿಗೆ ಮೊದಲ ಸಲ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಕೆಲಸ ಕೇಳಲು ಬಂದವರಲ್ಲ, ಜಗಳಕ್ಕೆ ಬಂದವರು. ಆಗ ಅವರು ನರ್ಸು. ಹನ್ನೊಂದು ವರ್ಷದ ಸರ್ವೀಸು. ಕೈಯಲ್ಲಿ ನಮ್ಮ ಪತ್ರಿಕೆಯ ಒಂದು ತುಂಡು ಇತ್ತು — ‘ಹಾವಿನ ವಿಷ ಹೀರುವ ಕಲ್ಲು: ವಿಜ್ಞಾನಕ್ಕೇ ಸವಾಲು’ ಎಂಬ ಸುದ್ದಿ. ಆಗಿನ ಕಾಲದಲ್ಲಿ ವಿಜ್ಞಾನದ ಸುದ್ದಿ ಎಂದರೆ ಹಾಗೆಯೇ. ಒಂದೋ ಚಂದ್ರನ ಮೇಲೆ ಇಳಿದ ಮನುಷ್ಯ, ಇಲ್ಲವೇ ಎರಡು ತಲೆಯ ಕರು. ಆರೋಗ್ಯದ ಸುದ್ದಿ ಎಂದರೆ ತೈಲದ ಜಾಹೀರಾತು.

ನಮ್ಮ ಸಂಪಾದಕ ವಿಠಲರಾಯರು ಚಾ ಕುಡಿಯುತ್ತಿದ್ದರು. ಬಾಯಿ ಆ ತುಂಡನ್ನು ಅವರ ಮೇಜಿನ ಮೇಲೆ — ಹೀಗೆ — ಅಂಗೈಯಿಂದ ಒತ್ತಿ ಇಟ್ಟರು.

“ಇದನ್ನು ಓದಿ ಬೆಳ್ಮಣ್ಣಿನ ಒಬ್ಬರು ಕಲ್ಲು ಕಟ್ಟಿಕೊಂಡು ಮನೆಯಲ್ಲಿ ಕೂತರು ಸಾರ್. ಆಸ್ಪತ್ರೆಗೆ ತರುವಾಗ ತಡ ಆಗಿತ್ತು. ಅವರ ಕಣ್ಣು ಮುಚ್ಚಿಸಿದ್ದು ನಾನು. ನಿಮಗೆ ಗೊತ್ತಿರಲಿ ಅಂತ ಬಂದೆ.”

ವಿಠಲರಾಯರು ಚಾ ಬದಿಗಿಟ್ಟು ಆ ತುಂಡನ್ನು ಮತ್ತೊಮ್ಮೆ ಓದಿದರು. ಆಮೇಲೆ ಅವರು ಕೇಳಿದ್ದು ಒಂದೇ ಮಾತು: “ಹಾಗಾದರೆ ಎಂತ ಬರೆಯಬೇಕಿತ್ತು, ನೀವೇ ಬರೆದು ಕೊಡ್ತೀರಾ?”

ಕೊಟ್ಟರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದರು. ಹದಿನೆಂಟು ಸಾಲು. ಮರುವರ್ಷ ಆಸ್ಪತ್ರೆಯ ಕೆಲಸ ಬಿಟ್ಟು ನಮ್ಮಲ್ಲಿಗೇ ಬಂದರು. ಮನೆಯಲ್ಲಿ ಎಷ್ಟು ವಿರೋಧ ಇತ್ತು ಎಂದು ಜೋನ್ ಅವರಿಗೆ ಗೊತ್ತು. ಬಿಳಿ ಸಮವಸ್ತ್ರದ ಗೌರವ ಬಿಟ್ಟು ಶಾಯಿ ಮೆತ್ತಿದ ಕಚೇರಿಗೆ ಯಾರು ಬರುತ್ತಾರೆ!

ಕಚೇರಿಯಲ್ಲಿ ಅವರಿಗೊಂದು ಪದ್ಧತಿ ಇತ್ತು. ಬರೆದದ್ದನ್ನು ಮೊದಲು ಅಣ್ಣುವಿಗೆ ಓದಿ ಹೇಳುವುದು. ಅಣ್ಣು ನಮ್ಮ ಜವಾನರು, ಐವತ್ತು ದಾಟಿದವರು, ಶಾಲೆಗೆ ಹೋದವರಲ್ಲ. ಅಣ್ಣು ತಲೆ ಆಡಿಸಿದರೆ ಲೇಖನ ಅಚ್ಚಿಗೆ. “ಎಂತ ಬಾಯಿ, ತಲೆಬುಡ ಗೊತ್ತಾಗ್ಲಿಲ್ಲ” ಎಂದರೆ ಹರಿದು ಮತ್ತೆ ಬರೆಯುವುದು. ಡಾಕ್ಟರರ ಬಳಿ ಮೂರು ಸಲ ಹೋಗಿ ಕೇಳಿ ಬರೆದದ್ದನ್ನೂ ಅಣ್ಣುವಿಗಾಗಿ ಹರಿದದ್ದು ನಾನು ಕಣ್ಣಾರೆ ಕಂಡಿದ್ದೇನೆ.

ಈಗ — ನಾನು ಹೇಳಬೇಕಾದ ಸಂಗತಿ.

ಎಪ್ಪತ್ತೊಂಬತ್ತರ ಜೂನ್. ಮಳೆ ಹಿಡಿದ ಎರಡನೇ ವಾರ. ಕಾಪುವಿನ ಕಡಲ ಬದಿಯಲ್ಲಿ ವಾಂತಿಭೇದಿ ಹಬ್ಬಿತ್ತು. ಬಾವಿಗಳಿಗೆ ಕೊಳಕು ನೀರು ಇಳಿದಿತ್ತು. ಮಕ್ಕಳು ಒಂದೇ ದಿನದಲ್ಲಿ ಒಣಗಿಹೋಗುತ್ತಿದ್ದರು. ಬಾಯಿ ಒಂದು ಲೇಖನ ಬರೆದರು: ಕುದಿಸಿ ಆರಿಸಿದ ಒಂದು ಲೋಟ ನೀರು, ಅದಕ್ಕೆ ಮೂರು ಬೆರಳಿನ ಒಂದು ಚಿಟಿಕೆ ಉಪ್ಪು — ಇಷ್ಟು, ಹೀಗೆ — ಮತ್ತು ಒಂದು ಚಮಚ ಸಕ್ಕರೆ. ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತ ಇರಿ, ಹಾಗೇ ಆಸ್ಪತ್ರೆಗೆ ಹೊರಡಿ. ಇಂದು ಇದು ಎಲ್ಲ ತಾಯಂದಿರಿಗೂ ಗೊತ್ತು. ಅಂದು ಇದು ಹೊಸದು. ಭೇದಿಯಾಗುವ ಮಗುವಿಗೆ ನೀರು ಕೊಡಬಾರದು ಎಂದೇ ಊರೆಲ್ಲ ನಂಬಿದ್ದ ಕಾಲ ಅದು.

ಆಗ ನಮ್ಮದು ಮೊಳೆ ಜೋಡಿಸುವ ಮುದ್ರಣ. ಒಂದೊಂದೇ ಅಕ್ಷರ ಕೈಯಲ್ಲಿ ಹೆಕ್ಕಿ ಕೂರಿಸಬೇಕು. ಉಪ್ಪು, ಸಕ್ಕರೆಯ ಅಳತೆ ಇದ್ದ ಸಾಲು ಜೋಡಿಸುವವರ ಕೈಜಾರಿ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಮತ್ತೆ ಜೋಡಿಸಿದರು. ಮತ್ತೆ ಕರಡು ನನ್ನ ಕೈಗೆ ಬಂತು. ಆ ಲೇಖನ ನನಗೆ ಬಾಯಿಪಾಠ ಆಗಿತ್ತು ಸ್ವಾಮಿ. ಆ ಸಾಲನ್ನು ನನ್ನ ಕಣ್ಣು ಓದಲಿಲ್ಲ, ನೆನಪು ಓದಿತು. ಸರಿ ಎಂದು ಗುರುತು ಹಾಕಿ ಕಳುಹಿಸಿದೆ.

ಮರುದಿನ ಪತ್ರಿಕೆಯಲ್ಲಿ ಹೀಗೆ ಬಂತು — ‘ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು, ಒಂದು ಚಿಟಿಕೆ ಸಕ್ಕರೆ.’

ಇಲ್ಲಿ ಡಾಕ್ಟರರು ಇದ್ದಾರೆ. ಅಷ್ಟು ಉಪ್ಪು ಎಳೆ ಮಗುವಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ನಾನು ಹೇಳುವುದು ಬೇಡ.

ಬೆಳಿಗ್ಗೆ ಏಳು ಗಂಟೆಗೆ ಬಾಯಿ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಬಿಡಿಸಿದರು. ಫೋನು ಇರುವ ಅಂಗಡಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಮುಂದಿನದ್ದನ್ನು ನನಗೆ ಹೇಳಿದವರು ಅಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿರುವ ಶೀನಣ್ಣ. ಅವರು ಆಗ ಬೆಳ್ಮಣ್ ದಾರಿಯಾಗಿ ಉಡುಪಿಗೆ ಬರುವ ಬಸ್ಸಿನ ಕಂಡಕ್ಟರು.

ಬಾಯಿ ಕೂಡಲೇ ಬಸ್ಸು ಹತ್ತಲಿಲ್ಲವಂತೆ. ಬಾಗಿಲಿನ ಕಂಬಿ ಹಿಡಿದು ಕೆಳಗೇ ನಿಂತರಂತೆ. “ಶೀನಣ್ಣ, ಇವತ್ತು ನೀವು ಊರಿನ ಹೆಸರು ಕೂಗುವ ಮೊದಲು ಇನ್ನೊಂದು ಕೂಗಬೇಕು.”

“ಎಂತ ಕೂಗುವುದು ಬಾಯಿ?”

“ಪೇಪರಿನ ಲೆಕ್ಕ ತಪ್ಪು! ಉಪ್ಪು ಚಿಟಿಕೆ, ಸಕ್ಕರೆ ಚಮಚ! ಅಷ್ಟೇ. ಎಲ್ಲ ಸ್ಟಾಪಿನಲ್ಲಿ. ಎದುರು ಬರುವ ಬಸ್ಸಿನವರಿಗೂ ಹೇಳಿ. ಮಕ್ಕಳ ಜೀವದ ವಿಷಯ.”

ಶೀನಣ್ಣ ಒಪ್ಪಿದ ಮೇಲೆಯೇ ಬಾಯಿ ಬಸ್ಸು ಹತ್ತಿದ್ದು. ಶೀನಣ್ಣ ಕೂಗಿದರು. ಬೆಳ್ಮಣ್ಣಿನಲ್ಲಿ ಪಡುಬಿದ್ರಿ ಕಡೆಯ ಬಸ್ಸಿಗೆ ಹೇಳಿದರು. ಆ ಬಸ್ಸಿನವರು ಕಾಪು ಬಸ್ಸಿಗೆ ಹೇಳಿದರು. ಅವರು ಮಲ್ಪೆಯ ಬಸ್ಸಿಗೆ. ನಮ್ಮ ಕರಾವಳಿಯ ಕಂಡಕ್ಟರುಗಳ ಗಂಟಲು ನಿಮಗೆ ಗೊತ್ತುಂಟು, ಅಲ್ವಾ?

ನಾನು ಒಂಬತ್ತು ಗಂಟೆಗೆ, ಏನೂ ತಿಳಿಯದೆ, ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ನಾಲ್ಕು ದಿಕ್ಕಿನಿಂದಲೂ ಒಂದೇ ಕೂಗು. ಉಪ್ಪು ಚಿಟಿಕೆ, ಸಕ್ಕರೆ ಚಮಚ! ಉಪ್ಪು ಚಿಟಿಕೆ, ಸಕ್ಕರೆ ಚಮಚ! ಜನ ನಗುತ್ತಿದ್ದರು. ನಾನು ನಿಂತಲ್ಲೇ ಪತ್ರಿಕೆ ಬಿಡಿಸಿ ಆ ಸಾಲು ನೋಡಿದೆ. ಕಚೇರಿಗೆ ಓಡಿದೆ.

ಕಚೇರಿಯಲ್ಲಿ ಬಾಯಿ ನನಗಾಗಿ ಕಾದಿದ್ದರು. ಬೈಯಲಿಲ್ಲ. ಕೇಳಿದ್ದು ಒಂದೇ — “ಉಸ್ಮಾನ್, ಕಾಪುವಿನಲ್ಲಿ ಭೇದಿ ಜಾಸ್ತಿ ಇರುವ ಮನೆ ನಿಮಗೆ ಗೊತ್ತುಂಟಲ್ಲ? ನಡೆಯಿರಿ.”

ಹೋದೆವು. ಮಸೀದಿಯ ಮೈಕಿನಲ್ಲಿ ನಾನೇ ಹೇಳಿದೆ. ಮೀನು ಇಳಿಸುವ ಕಡೆ ಬಾಯಿ ಬುಟ್ಟಿಯ ಮೇಲೆ ನಿಂತು ತುಳುವಿನಲ್ಲಿ ಹೇಳಿದರು. ಆಮೇಲೆ ಮನೆ ಮನೆಗೆ. ಹದಿಮೂರನೆಯ ಮನೆ ಆಯಿಶಮ್ಮನವರದ್ದು. ನಾನು ಸಣ್ಣವನಿದ್ದಾಗಿನಿಂದ ಕಂಡ ಅಜ್ಜಿ. ಅವರ ತೊಡೆಯ ಮೇಲೆ ಹತ್ತು ತಿಂಗಳ ಮೊಮ್ಮಗಳು ಜಮೀಲಾ. ಪಕ್ಕದಲ್ಲಿ ಲೋಟ. ಅಳಿಯ ಪತ್ರಿಕೆ ಓದಿ ಹೇಳಿದ್ದ, ಅಜ್ಜಿ ಕಲಸಿದ್ದರು.

ಬಾಯಿ ಲೋಟಕ್ಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಮುಖ — ನಾನು ಆ ಮುಖ ಮರೆಯುವುದಿಲ್ಲ. “ಎಷ್ಟು ಕೊಟ್ಟಿರಿ ಅಜ್ಜಿ?”

“ಏಳೆಂಟು ಚಮಚ ಕೊಟ್ಟೆ. ಅರ್ಧ ಕಕ್ಕಿತು. ಕುಡಿಯಲಿಕ್ಕೆ ಒಪ್ಪುವುದೇ ಇಲ್ಲ, ಕೆನ್ನೆ ಒತ್ತಿ ಹಿಡಿದು ಕೊಟ್ಟದ್ದು.”

“ಇನ್ನು ಕೊಡಬೇಡಿ. ಇದರಲ್ಲಿ ಉಪ್ಪು ಹೆಚ್ಚಾಗಿದೆ.”

ಆಯಿಶಮ್ಮ ಬಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. “ಪೇಪರಿನಲ್ಲಿ ಅಚ್ಚಾಗಿ ಉಂಟಲ್ಲ ಮಗಾ. ಅಚ್ಚಾದದ್ದು ಸುಳ್ಳಾಗ್ತದಾ?”

ಗೆಳೆಯರೇ, ಇಲ್ಲಿ ಪತ್ರಿಕೆಯಲ್ಲಿ ಕೆಲಸ ಮಾಡುವವರು ತುಂಬ ಜನ ಇದ್ದೀರಿ. ಆ ಪ್ರಶ್ನೆಯನ್ನು ನೀವೂ ಇಟ್ಟುಕೊಳ್ಳಿ.

ಮೀನಿನ ವ್ಯಾನಿನಲ್ಲಿ ಮಣಿಪಾಲಕ್ಕೆ ಹೊರಟೆವು. ದಾರಿಯುದ್ದಕ್ಕೂ ಬಾಯಿ ಮಗುವನ್ನು ಎದೆಗೆ ಆನಿಸಿಕೊಂಡು, ಎರಡು ಬೆರಳಿನಿಂದ ಅದರ ನಾಡಿ ಬಿಡಲಿಲ್ಲ. ಒಮ್ಮೆ ಮಗು ಸೆಟೆದುಕೊಂಡಿತು. ಆಯಿಶಮ್ಮ ಕಿರುಚಿದರು. ಬಾಯಿ ಮಾತ್ರ ಗಡಿಯಾರ ನೋಡುತ್ತ ಸೆಕೆಂಡು ಎಣಿಸುತ್ತಿದ್ದರು. ಅಲ್ಲಿ ಮುಟ್ಟಿದ ಮೇಲೆ ಡಾಕ್ಟರರಿಗೆ ಎಲ್ಲವನ್ನೂ ಗಂಟೆ, ಚಮಚ ಸಮೇತ ಹೇಳಿದರು. ಯಾರಿಂದ ಆಯಿತು ಎಂಬುದೊಂದನ್ನು ಬಿಟ್ಟು.

ನಾಲ್ಕು ದಿನ. ಐದನೆಯ ದಿನ ಮಗು ನಕ್ಕಿತು ಎಂದು ಸುದ್ದಿ ಬಂತು. ಜಮೀಲಾ ಈಗ ಮೂರನೆಯ ಕ್ಲಾಸು. ಅಂದು ಕಕ್ಕದೆ ಇದ್ದಿದ್ದರೆ — ಇರಲಿ.

ಮಗುವನ್ನು ಆಸ್ಪತ್ರೆಗೆ ಸೇರಿಸಿ ಬಂದ ಮಧ್ಯಾಹ್ನವೇ ವಿಠಲರಾಯರು, “ನಾಳೆ ಒಳಪುಟದಲ್ಲಿ ತಿದ್ದುಪಡಿ ಹಾಕುವ” ಎಂದರು. ಬಾಯಿ ಒಪ್ಪಲಿಲ್ಲ. “ಮೊದಲ ಪುಟ ಸಾರ್. ಎಲ್ಲಕ್ಕಿಂತ ಮೇಲೆ. ದಪ್ಪ ಅಕ್ಷರದಲ್ಲಿ.” ನಾನು ಎದ್ದು ನಿಂತು, “ತಪ್ಪು ನನ್ನದು, ನನ್ನ ಹೆಸರು ಹಾಕಿ” ಎಂದೆ. ಬಾಯಿ ನನ್ನತ್ತ ತಿರುಗಿದರು. “ಓದುವವರಿಗೆ ನಿಮ್ಮ ಹೆಸರು ಎಂತಕ್ಕೆ ಉಸ್ಮಾನ್? ಅವರಿಗೆ ಉಪ್ಪಿನ ಅಳತೆ ಬೇಕು. ಕೂತುಕೊಳ್ಳಿ.”

ನಾನು ಕೂತೆ. ಅದೇ ನನ್ನ ಎರಡನೆಯ ತಪ್ಪು. ಆ ದಿನ ಕೂತವನು ಇಂದು ಎದ್ದಿದ್ದೇನೆ.

ಯಾಕೆಂದರೆ ಲೇಖನದ ಕೆಳಗೆ ಇದ್ದದ್ದು ಅವರ ಹೆಸರು. ಊರು ಅವರನ್ನೇ ಬೈಯಿತು. ‘ಸೂಜಿ ಹಿಡಿಯುವವರಿಗೆ ಪೆನ್ನು ಎಂತಕ್ಕೆ’ ಎಂದು ಕಾರ್ಡು ಬರೆದರು. ಇಗರ್ಜಿಯ ಅಂಗಳದಲ್ಲಿ ಹೆಂಗಸರು ಮುಖ ತಿರುಗಿಸಿದರು. ಜೋನ್ ಅವರೇ, ನೀವು ಕೂಡ ಆಗ ಅವರೊಡನೆ ಕೆಲವು ತಿಂಗಳು ಮಾತು ಬಿಟ್ಟಿರಿ ಎಂದು ಕೇಳಿದ್ದೇನೆ. ಅವರು ಮನೆಯಲ್ಲಿಯೂ ಹೇಳಲಿಲ್ಲ. ತಪ್ಪು ಅವರದ್ದಲ್ಲ. ನನ್ನದು. — ಸ್ವಲ್ಪ ತಡೆಯಿರಿ. ನೀರು ಕುಡಿಯುತ್ತೇನೆ.

ಆಮೇಲೆ ಬಾಯಿ ಏನು ಮಾಡಿದರು? ನಮ್ಮ ಏಜೆಂಟರ ಪಟ್ಟಿ ತೆಗೆದುಕೊಂಡರು. ಪತ್ರಿಕೆ ಹೋಗುವ ಊರು ಊರಿಗೆ ಮೂರು ವಾರ ನಡೆದರು, ನಾನೂ ಜೊತೆಗೆ. ನಂದಿಕೂರು, ಬೆಳ್ಮಣ್, ಕಾರ್ಕಳದ ಕಲ್ಲುಕೋರೆಯ ಬದಿಯ ಜೋಪಡಿಗಳು. ಎಲ್ಲ ಕಡೆ ಒಂದೇ ವಿಚಾರಣೆ: ಯಾರಾದರೂ ಕಲಸಿದಿರಾ? ಯಾರಿಗಾದರೂ ಕುಡಿಸಿದಿರಾ? ಕೆಲವರು ಕಲಸಿ ರುಚಿ ನೋಡಿ ಚೆಲ್ಲಿದ್ದರು. ಹೆಚ್ಚಿನವರಿಗೆ ಪತ್ರಿಕೆಗಿಂತ ಮೊದಲು ಬಸ್ಸಿನ ಕೂಗು ಮುಟ್ಟಿತ್ತು. ಜೀವ ಹೋದ ಮನೆ ಸಿಗಲಿಲ್ಲ.

ಅದನ್ನೂ ವರದಿ ಮಾಡಿದರು. ನಾನು ಸಂತೋಷದಿಂದ, “ಇದರಿಂದ ಯಾರೂ ಸತ್ತಿಲ್ಲ ಎಂದು ಬರೆಯಿರಿ ಬಾಯಿ” ಎಂದೆ. ಅವರು ಒಪ್ಪಲಿಲ್ಲ. ಬರೆದದ್ದು ಹೀಗೆ: ‘ನಾವು ಹೋದ ಮನೆಗಳಲ್ಲಿ ಸಾವು ಕಾಣಲಿಲ್ಲ. ಹೋಗದ ಮನೆಗಳ ಬಗ್ಗೆ ನಮಗೆ ತಿಳಿಯದು.’

ನಾನು ಮೂವತ್ತು ಸಾವಿರ ಪುಟ ಓದಿರಬಹುದು. ಅಷ್ಟು ಪ್ರಾಮಾಣಿಕವಾದ ಎರಡು ವಾಕ್ಯ ಇನ್ನೂ ಸಿಕ್ಕಿಲ್ಲ. ತನ್ನದಲ್ಲದ ತಪ್ಪಿನ ಮೇಲೆ ಒಂದು ಪರದೆ ಎಳೆಯುವ ಅವಕಾಶ ಕೈಯಲ್ಲಿತ್ತು. ಎಳೆಯಲಿಲ್ಲ. ಅಂಥ ಮನುಷ್ಯರ ಪಕ್ಕದ ಮೇಜಿನಲ್ಲಿ ನಾನು ಇಷ್ಟು ವರ್ಷ ಕೂತಿದ್ದೆ.

ಈಗ ಆಫ್‌ಸೆಟ್ ಮುದ್ರಣ ಬಂದಿದೆ. ಮೊಳೆ ಚೆಲ್ಲುವ ಭಯ ಇಲ್ಲ. ಹೃದಯ, ಮೂತ್ರಪಿಂಡ ಎಲ್ಲವೂ ಬಣ್ಣದ ಚಿತ್ರದಲ್ಲಿ ಬರುತ್ತವೆ. ಕಳೆದ ವರ್ಷ ಏಡ್ಸ್ ಎಂಬ ಹೊಸ ಕಾಯಿಲೆಯ ಗುಲ್ಲು ಎದ್ದಾಗ, ಗಲ್ಫಿನಿಂದ ಬಂದ ಒಬ್ಬರ ಹೆಸರು, ಊರು ಹಿಡಿದುಕೊಂಡು ನಮ್ಮ ಹೊಸ ವರದಿಗಾರರೊಬ್ಬರು ಓಡಿ ಬಂದರು. ಬಾಯಿ ಕೇಳಿದರು: “ಹೆಸರು ಹಾಕಿದರೆ ಓದುವವರ ಯಾವ ಕಾಯಿಲೆ ಗುಣ ಆಗ್ತದೆ ಮಾರಾಯರೇ?” ಹೆಸರು ಬರಲಿಲ್ಲ. ಆ ಕಾಯಿಲೆಯ ಬಗ್ಗೆ ಡಾಕ್ಟರರಿಗೆ ಗೊತ್ತಿರುವುದು ಒಂದು ಕಡೆ, ಇನ್ನೂ ಗೊತ್ತಿಲ್ಲದ್ದು ಒಂದು ಕಡೆ — ಹಾಗೆ ಎರಡು ಕಾಲಂ ಬಂತು.

ಕೊನೆಯ ಮಾತು. ಆಸ್ಪತ್ರೆಯಲ್ಲಿ ನಾನು ಅವರನ್ನು ಕಂಡದ್ದು ತೀರಿಹೋಗುವ ಒಂಬತ್ತು ದಿನ ಮೊದಲು. ದಿಂಬಿಗೆ ಒರಗಿದ್ದರು. “ನನ್ನ ನಿಧನವಾರ್ತೆ ಯಾರು ಬರೆಯುವುದು?” ಎಂದು ಕೇಳಿದರು. ನಾನು ಮಾತು ತಪ್ಪಿಸಲು ನೋಡಿದೆ. ಬಿಡಲಿಲ್ಲ.

“ಅಲ್ಪಕಾಲದ ಅಸೌಖ್ಯ ಅಂತ ಬರೆಯಬೇಡಿ. ಎಂತ ಕಾಯಿಲೆ ಅಂತ ಬರೆಯಿರಿ. ಗಂಟು ಸಿಕ್ಕಿದ ಮೇಲೆ ನಾನೇ ಆರು ತಿಂಗಳು ಯಾರಿಗೂ ಹೇಳಲಿಲ್ಲ ಉಸ್ಮಾನ್. ನರ್ಸು ನಾನು. ಹದಿಮೂರು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು. ನನಗೇ ನಾಚಿಕೆ ಆಯಿತು. ಮತ್ತೆ ಉಳಿದವರ ಪಾಡು ಎಂತ? ಆ ಆರು ತಿಂಗಳನ್ನೂ ಬರೆಯಿರಿ.”

ಜೋನ್ ಅವರೇ, ನಿಮ್ಮನ್ನು ಕೇಳಲು ಬಂದಾಗ ನೀವು ನಾವು ಬರೆದು ತಂದದ್ದನ್ನು ಎರಡು ಸಲ ಓದಿದಿರಿ. ಆಮೇಲೆ, “ಅವಳು ಹೇಳಿದ ಹಾಗೇ ಹಾಕಿ” ಎಂದಿರಿ. ನಿಮಗೆ ಕೈ ಮುಗಿಯುತ್ತೇನೆ. ‘ಸ್ತನದ ಕ್ಯಾನ್ಸರಿನಿಂದ’ ಎಂದು ಹಾಕಿದೆವು. ಆರು ತಿಂಗಳು ಎಂದೂ ಹಾಕಿದೆವು. ನಮ್ಮ ಪತ್ರಿಕೆಯ ನಿಧನವಾರ್ತೆಯಲ್ಲಿ ಆ ಪದ ಬಂದದ್ದು ಅದೇ ಮೊದಲು. ಇಬ್ಬರು ಹಿರಿಯರು ಫೋನು ಮಾಡಿ, ಮಾನ ಮರ್ಯಾದೆ ಇಲ್ಲವೇ ಎಂದು ಕೇಳಿದರು.

ಮೊನ್ನೆ ಗುರುವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಮೂವತ್ತೈದು ಇರಬಹುದು. ಸೆರಗು ಬಿಗಿಯಾಗಿ ಹೊದ್ದುಕೊಂಡಿದ್ದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪತ್ರಿಕೆಯ ಆ ತುಂಡು ಕೈಯಲ್ಲಿತ್ತು.

“ಇವರ ಹಾಗೆ ನನಗೂ ಒಂದು ಉಂಟು. ಎರಡು ತಿಂಗಳಾಯಿತು. ಯಾವ ಡಾಕ್ಟರರಿಗೆ ತೋರಿಸುವುದು?”

ಅಣ್ಣುವೇ ಆ ಹೆಂಗಸನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಮುಂದೇನಾಯಿತು ಎಂದು ನನಗೆ ತಿಳಿಯದು. ತಿಳಿಯದ್ದನ್ನು ತಿಳಿಯದು ಎಂದೇ ಹೇಳುತ್ತೇನೆ.

ಈಗ ದಯಮಾಡಿ ಎಲ್ಲರೂ ಎದ್ದು ನಿಲ್ಲೋಣ. ಕಾನ್ಸೆಪ್ಟಾ ಬಾಯಿಗಾಗಿ ಎರಡು ನಿಮಿಷ ಮೌನ. ಎರಡೇ ನಿಮಿಷ ಸಾಕು. ಮನೆಗೆ ಹೋದ ಮೇಲೆ ಹೆಂಡತಿ, ತಾಯಿ, ಅಕ್ಕತಂಗಿಯರ ಹತ್ತಿರ ಈ ಮಾತು ಎತ್ತಿ. ಅಲ್ಲಿ ಮೌನ ಬೇಡ.