ರೋಮಿನಲ್ಲಿ ಎರಡು ದಿನ

೧೯೫೮. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ಪಿಂಚಣಿ ಪಡೆದು ಊರಿಗೆ ಮರಳಿದ್ದ ಸಿಪಾಯಿಯೊಬ್ಬನನ್ನು ಕೇಳುತ್ತಿದ್ದಳು.

“ದೇರಣ್ಣ, ಯುದ್ಧದಲ್ಲಿ ತೀರಿಕೊಳ್ಳುವ ಮೊದಲು ನಮ್ಮವರು ನಿಮ್ಮೊಟ್ಟಿಗೆ ರೋಮ್ ನೋಡ್ಲಿಕ್ಕೆ ಹೋಗಿದ್ರಂತಲ್ಲ?”

“ಹೌದಕ್ಕ, ಎರಡು ದಿನ ರಜೆ ಇತ್ತು. ದೊಡ್ಡ ಇಗರ್ಜಿ, ಹಳೇ ಅರಮನೆ ಎಲ್ಲ ಸುತ್ತಿದ್ದೇವೆ.”

“ಅದಿರ್ಲಿ. ಅಲ್ಲಿ ಅವರು ಎಂತ ತಿಂದ್ರು?”

“ಎಂತಕ್ಕೆ?”

“ಇವತ್ತು ಸತ್ತವರಿಗೆ ಬಡಿಸುದು ಉಂಟು. ಹದಿನಾಲ್ಕು ವರ್ಷ ಕೋಳಿ, ರೊಟ್ಟಿಯೇ ಬಡಿಸಿದ್ದು. ಮದುವೆಯಾಗಿ ತಿಂಗಳಲ್ಲೇ ಹೋದವರು. ಅವರಿಗೆ ಇಷ್ಟ ಎಂತದಂತ ನನಗೆ ಗೊತ್ತೇ ಇಲ್ಲ.”



“ಐಸ್‌ಕ್ರೀಮು. ಎರಡು ದಿನವೂ ಅದನ್ನೇ ತಿಂತಾ ತಿರುಗಿದ್ದು.”

“ಇಲ್ಲಿ ಸಿಗ್ತದಾ?”

“ಐಸ್‌ಕ್ಯಾಂಡಿ ಸಿಗ್ತದೆ. ಆದ್ರೆ ಬಸ್ಸಲ್ಲಿ ನಿಮ್ಮ ಊರು ಕಲ್ಲುಗುಂಡಿ ಮುಟ್ಟುವಾಗ ನೀರಾಗ್ತದಕ್ಕ.”

“ನೀರಾದ್ರೂ ಸಿಹಿ ಇರ್ತದಲ್ಲ?”

ಬಸ್ಸು ಹಾರ್ನ್ ಹಾಕಿತು. ದೇರಣ್ಣ ಅವಳ ತಂಬಿಗೆ ತೆಗೆದುಕೊಂಡು ಅಂಗಡಿಯತ್ತ ಓಡಿದ.