ಆದಿತ್ಯವಾರದ ಇಂಜಿನ್

...ಅಲ್ಲ, ಇಷ್ಟು ಬೇಗ ಹೇಗೆ ಬಂದೆ ಜೇಮ್ಸ್? ಇಗರ್ಜಿಗೆ ಹೋಗಿ, ಕಾಪುವಿನಿಂದ ಎರಡು ಬಸ್ಸು ಹತ್ತಿ, ನೀನು ಬಜಗೋಳಿಯಲ್ಲಿ ಇಳಿಯುವಾಗ ಮಧ್ಯಾಹ್ನ ಆಗ್ತದಲ್ಲ ಯಾವಾಗಲೂ... ಹೋ, ಆಲ್ವಿನ್ ಕಾರಿನಲ್ಲಿ ಬಿಟ್ಟನಾ. ಒಳ್ಳೆ ಅಳಿಯ ಮಾರಾಯ ನಿನಗೆ. ಆದರೂ ಒಂದು ಫೋನ್ ಮಾಡಬಹುದಿತ್ತು ನೀನು. ಬೇಜಾರಾ? ಬೇಜಾರು ಎಂತದ್ದು? ನಾನು ಇನ್ನೂ ತಯಾರಾಗಿಲ್ಲ, ಅಷ್ಟೇ. ಕೂತುಕೋ. ಶೆಡ್ಡಿಗೆ ಆಮೇಲೆ ಹೋಗುವ, ಟ್ರ್ಯಾಕ್ಟರ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ಬಂಗುಡೆ ತಂದೆಯಾ? ಕೊಡು, ಕೊಡು. ಇಲ್ಲಿ ಸಿಗುವ ಮೀನು ಐಸಿನಲ್ಲಿ ಮಲಗಿ ಮಲಗಿ ಮೀನು ಅನ್ನುವುದನ್ನೇ ಮರೆತಿರ್ತದೆ. ನೀರ್‌ದೋಸೆ ಮಾಡ್ತೇನೆ, ತಡಿ. ಎಂತ ನಗುವುದು? ಬೇಬಿ ಮಾಡಿದ ಹಾಗೆ ತೆಳ್ಳಗೆ ಬರುವುದಿಲ್ಲ, ಒಪ್ಪಿದೆ. ಹೋದ ಸಲದ್ದರಲ್ಲಿ ಗ್ಯಾಸ್ಕೆಟ್ ಕತ್ತರಿಸಬಹುದು ಅಂತ ನೀನೇ ಹೇಳಿದ್ದಲ್ವಾ.

ಎಂತ ಮೂಸುವುದು ಆಚೆ ಈಚೆ? ಹೊಗೆಯಾ... ಅದು ಪಕ್ಕದವರು ತೆಂಗಿನ ಗರಿ ಸುಡ್ತಾರೆ. ಡೀಸೆಲ್ ವಾಸನೆ ನನ್ನ ಅಂಗಿಯದ್ದು. ಬೆಳಿಗ್ಗೆ ಮಡ್‌ಗಾರ್ಡ್ ಸ್ವಲ್ಪ ಒರೆಸ್ತಾ ಇದ್ದೆ. ಅದಕ್ಕೇ ಕೈ ಕಪ್ಪು.

ಚಹಾ ಕುಡಿ. ನಿಧಾನಕ್ಕೆ ಕುಡಿ.

ನೆನಪುಂಟಾ ಜೇಮ್ಸ್, ಮೊದಲ ಸಲ ನೀನು ಬಂದಾಗ ಅದರ ಅವಸ್ಥೆ? ನನ್ನ ಮಾವ, ಬೇಬಿಯ ಅಪ್ಪ, ತೀರಿದ ಮೇಲೆ ಯಾರೂ ಮುಟ್ಟಿರಲಿಲ್ಲ. ಸೀಟಿನಲ್ಲಿ ಹೇಂಟೆ ಮೊಟ್ಟೆ ಇಟ್ಟಿತ್ತು. ಪಿಸ್ಟನ್ ಹಿಡಿದು ಕೂತದ್ದು ಕೂತದ್ದೇ. ಸೀಮೆಎಣ್ಣೆ ಸುರಿದು, ಮರದ ತುಂಡು ಇಟ್ಟು ಬಡಿದು... ಒಂದು ಆದಿತ್ಯವಾರ ಕೂದಲೆಳೆಯಷ್ಟು ಅಲ್ಲಾಡಿತು. ನಾವಿಬ್ಬರೂ ಕುಣಿದದ್ದೇ ಕುಣಿದದ್ದು. ಆಮೇಲೆ ಆ ಗೇರಿನ ಗುರುತು! ಎರಡು ಚುಕ್ಕಿ ಎದುರುಬದುರು ಬರಬೇಕು, ಅಷ್ಟೇ. ನಾವು ಮಲ್ಪೆಯಲ್ಲಿ ದುಡಿದ ಬೋಟಿನ ಲೆಕ್ಕದಲ್ಲಿ ಕೂರಿಸಿ, ಇದು ಯಾಕೆ ಹೊತ್ತುವುದಿಲ್ಲ ಅಂತ ತಲೆ ಕೆರೆದುಕೊಂಡದ್ದು. ಗದ್ದೆಯ ಇಂಜಿನಿಗೆ ಸಮುದ್ರದ ಬುದ್ಧಿ ಹಾಕಿದ್ದು ನಾವು. ಊರವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಈಗ ಉಳಿದದ್ದು ಇದೊಂದೇ. ಸ್ಟಾರ್ಟ್ ಆಗ್ತದೆ, ಸ್ವಲ್ಪ ಹೊತ್ತು ಓಡ್ತದೆ, ಕೆಮ್ಮುತ್ತದೆ, ನಿಲ್ತದೆ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿಯುತ್ತದೆ ಅಂತ ಗೊತ್ತು. ಗಾಳಿ ಎಲ್ಲಿಂದ ನುಗ್ಗುತ್ತದೆ? ಫಿಲ್ಟರ್ ಬದಲಿಸಿದೆವು, ಪೈಪು ಬದಲಿಸಿದೆವು, ಟ್ಯಾಂಕು ತೊಳೆದೆವು. ಪ್ರತಿ ಸಲ ಏರ್ ತೆಗೆಯುವುದು, ಪ್ರತಿ ಸಲ ಅದೇ ಕಥೆ. ಇವತ್ತು ಪಂಪು ಬಿಚ್ಚುವ ಅಂತ ನಾನು. ಅಥವಾ... ಇವತ್ತು ಬೇಡ. ಬರುವ ವಾರ ಬಿಚ್ಚುವ. ಇವತ್ತು ಸುಮ್ಮನೆ ಕೂತು ಮಾತಾಡುವ.

ಹಾಗೆ ನೋಡಬೇಡ. ನಿನ್ನ ಮೊಣಕಾಲು ನೋಯ್ತದೆ ಅಂತಲೇ ಹೇಳಿದ್ದು.

ಈ ಮನೆಯಲ್ಲಿ ಬಾಕಿ ದಿನ ಮಾತಾಡುವುದು ಟೀವಿ ಒಂದೇ. ಅದಕ್ಕೆ ನಾನು ಉತ್ತರ ಕೊಡ್ತೇನೆ, ನಗಬೇಡ. ಜನ ಒಳ್ಳೆಯವರೇ ಇಲ್ಲಿ. ಸಿಕ್ಕಿದರೆ ಕೇಳ್ತಾರೆ, ನೇಜಿ ನೆಟ್ಟಾಯ್ತಾ ದೇವದಾಸಣ್ಣ, ಕೊಯ್ಲು ಯಾವಾಗ ದೇವದಾಸಣ್ಣ. ನಾನು ಎಂತ ಹೇಳುವುದು? ಬಲೆ ಎಳೆದವನಿಗೆ ನೇಜಿ ಎಂತ ಗೊತ್ತು? ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ನಾನು ಬೇಬಿಯ ಗಂಡ. ಈಗ ಬೇಬಿ ಇಲ್ಲ. ನಾನು ಯಾರು ಅಂತ ಊರವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀನು ಬಂದಾಗ ಮಾತ್ರ ನಾನು ಬೋಟಿನ ದೇವದಾಸ. ಅವಳು ಹೋದ ಮೇಲೆ ಬೊಜ್ಜದ ಊಟಕ್ಕೆ ಬಂದವರಲ್ಲಿ ಎಷ್ಟು ಜನ ಇನ್ನೊಮ್ಮೆ ಈ ಮೆಟ್ಟಿಲು ಹತ್ತಿದರು ಹೇಳು? ನೀನು ಬಂದೆ. ಆ ಟ್ರ್ಯಾಕ್ಟರ್ ನೋಡಿ, ಅಯ್ಯೋ ಪಾಪ ಅಂದೆ. ಅದಕ್ಕೆ ಅಂದದ್ದು. ನನಗಲ್ಲ.

ಎಲ್ಲಿಗೆ ಎದ್ದದ್ದು? ಚಹಾ ಅರ್ಧ ಉಂಟಲ್ಲ. ಜೇಮ್ಸ್... ದೋಸೆ ತಿಂದು ಹೋಗುವ. ಹಿಟ್ಟು ರುಬ್ಬಿಯಾಗಿದೆ. ಜೇಮ್ಸ್, ನಿಲ್ಲು ಮಾರಾಯ, ನಾನೂ ಬರ್ತೇನೆ.

ಇಂಜಿನ್ ಮುಟ್ಟಬೇಡ, ಗ್ರೀಸ್ ಉಂಟು, ನೀನು ಇಗರ್ಜಿಯ ಅಂಗಿಯಲ್ಲಿದ್ದಿ. ಗೊತ್ತು, ನಿನ್ನ ಕ್ರಮ ಅದು. ಬೋಟಿನಲ್ಲಿಯೂ ಹಾಗೆಯೇ ಮಾಡ್ತಿದ್ದೆ. ಮೊದಲು ಇಂಜಿನಿನ ಮೇಲೆ ಅಂಗೈ, ಆಮೇಲೆ ಶಿಲುಬೆಯ ಗುರುತು, ಆಮೇಲೆಯೇ ಪಾನಾ ಹಿಡಿಯುವುದು. ಒಂದು ದಿನ ಬಿಟ್ಟರೆ ಎಂತ ಆಗ್ತದೆ...

ಇಟ್ಟೆಯಾ.

...

ಬಿಸಿಲಿಗೆ ಬಿಸಿಯಾದದ್ದು ಜೇಮ್ಸ್. ಬೆಳಗಿನ ಬಿಸಿಲು ಬೀಳ್ತದೆ ಈ ಕಡೆಗೆ.

ಹೌದು, ಶೆಡ್ಡಿಗೆ ಮಾಡು ಉಂಟು. ಹೌದು, ಹಲಸಿನ ಮರದ ನೆರಳೂ ಉಂಟು.

ಕೈ ತೆಗಿ. ಬೈದುಬಿಡು, ಬೋಟಿನಲ್ಲಿ ಬೈಯ್ತಿದ್ದ ಹಾಗೆ. ಶಿಲುಬೆಯ ಗುರುತು ಹಾಕಲಿಲ್ಲ ನೀನು ಇವತ್ತು.

ಕಿಸೆಯಲ್ಲೇ ಉಂಟು, ಇಗೋ ನೋಡು. ತಾಮ್ರದ ವಾಷರ್. ಇಲ್ಲಿ ಸೀಳಿದೆ, ಉಗುರು ತಾಗಿಸಿದರೆ ಗೊತ್ತಾಗ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ನುಗ್ಗುವುದು ಇದರಿಂದ. ಮಳೆಗಾಲದ ಮೊದಲೇ ನನಗೆ ಸಿಕ್ಕಿದ್ದು. ಸರಿಯಾದದ್ದು ಹಾಕಿದೆ, ಓಡಿತು, ನಿಲ್ಲಲೇ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ ನಿನಗೆ ಫೋನ್ ಮಾಡಲಿಕ್ಕೆ ಒಳಗೆ ಓಡಿದೆ. ಫೋನ್ ಕೈಯಲ್ಲಿ ಹಿಡಿದು ಹಾಗೇ ನಿಂತೆ.

ಆವತ್ತಿನಿಂದ ಆದಿತ್ಯವಾರ ಬೆಳಿಗ್ಗೆ ಸರಿಯಾದದ್ದನ್ನು ಹಾಕಿ ಸ್ವಲ್ಪ ಓಡಿಸ್ತೇನೆ. ಕಣ್ಣು ಮುಚ್ಚಿದರೆ ಬೋಟಿನದ್ದೇ ಶಬ್ದ, ನೀನು ಕೆಳಗೆ ಇಂಜಿನಿನ ಹತ್ತಿರ, ನಾನು ಮೇಲೆ. ಆಮೇಲೆ ನಿಲ್ಲಿಸಿ, ಈ ಸೀಳಿದ್ದನ್ನು ವಾಪಸು ಹಾಕಿ, ಕೈ ತೊಳೆದು ನಿನ್ನ ಬಸ್ಸಿಗೆ ಕಾಯ್ತೇನೆ. ನೀನು ಬರುವಾಗ ಅದು ತಣ್ಣಗಾಗಿರ್ತದೆ. ಇವತ್ತು ನೀನು ಬೇಗ ಬಂದೆ.

ಆ ನೋಯುವ ಕಾಲಿನಲ್ಲಿ ನಿನ್ನನ್ನು ಎರಡೆರಡು ಬಸ್ಸು ಹತ್ತಿಸಿದ್ದು ನಾನು. ಗೊತ್ತು.

ಬೇಡ. ಕೀ ತಿರುಗಿಸಬೇಡ ಜೇಮ್ಸ್. ಬದಲಿಸಲಿಕ್ಕೆ ಸಮಯ ಸಿಗಲಿಲ್ಲ, ಸರಿಯಾದ ವಾಷರ್ ಅದರಲ್ಲೇ ಉಂಟು. ಸ್ಟಾರ್ಟ್ ಮಾಡಿದರೆ ಇವತ್ತು ಅದು ನಿಲ್ಲುವುದಿಲ್ಲ. ನಿಲ್ಲದಿದ್ದರೆ... ಬರುವ ಆದಿತ್ಯವಾರ ನೀನು ಎಂತಕ್ಕೆ ಬರ್ತೀಯಾ?