ಮಿಸ್ಸಮ್ಮನ ಅಗುಳಿ

ಬೆಳ್ಳಾರೆ ಪೇಟೆ ದಾಟಿದರೆ ಸಿಗುವ ಗುಡ್ಡದ ಮೇಲೆ, ಹಿಂದೆ ಪ್ರೆಸ್ಬಿಟೀರಿಯನ್ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಾಗಿದ್ದ ಕಟ್ಟಡದಲ್ಲಿ ಈಗ ಮರೀನಾ ಶಿಶುವಿಹಾರ ನಡೆಸುತ್ತಾಳೆ. ಆ ಸಂಜೆ ಮಳೆ ಹಿಡಿದು ಕರೆಂಟು ಹೋಯಿತು. ಮಕ್ಕಳನ್ನು ಕರೆದೊಯ್ಯಲು ಬಂದವರೆಲ್ಲ ಜಗಲಿಯಲ್ಲೇ ಉಳಿದರು.

ಹಿಂಬಾಗಿಲಿಗೆ ಒಳಗಿನಿಂದ ಮರದ ಅಗುಳಿ ಹಾಕಿ, ಮುಂಬಾಗಿಲಿಗೆ ಬೀಗ ಹಾಕಿ ಹೋಗುವುದು ಮರೀನಾಳ ರೂಢಿ. ಬೆಳಿಗ್ಗೆ ಬಂದರೆ ಅಗುಳಿ ಸರಿದಿರುತ್ತದೆ. ಸುದ್ದಿ ಹಬ್ಬಿ ಮಕ್ಕಳು ಒಬ್ಬೊಬ್ಬರಾಗಿ ಶಿಶುವಿಹಾರ ಬಿಡುತ್ತಿದ್ದರು. ಇನ್ನೂ ಬಿಟ್ಟರೆ ಮುಚ್ಚುವುದೇ ಸೈ.

"ದೆವ್ವಕ್ಕೂ ಅಡ್ಮಿಶನ್ ಕೊಟ್ಟಿದ್ದೀರಾ ಟೀಚರ್?" ಎನ್ನುತ್ತಾ ಮೋಕ್ಷಿತಾ ಮಗಳ ಚೀಲವನ್ನು ಮೊಳೆಯಿಂದ ತೆಗೆದಳು. "ನಾಳೆಯಿಂದ ಇವಳು ಬರುದಿಲ್ಲ."

ಮೊಮ್ಮಗನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತಿದ್ದ ಲೋಲಾಕ್ಷಿ ಅಜ್ಜಿ ಇದೇ ಶಾಲೆಯಲ್ಲಿ ಓದಿದವರು.

"ಹೆದರುದೆಂತಕ್ಕೆ ಮಾರಾಯ್ತಿ? ಅದು ನಮ್ಮ ಮಿಸ್ಸಮ್ಮ... ಸಮುದ್ರ ದಾಟಿ ಬಂದವರು, ಕನ್ನಡವನ್ನು ಪುಸ್ತಕದಿಂದ ಕಲಿತವರು, ಯಾವ ಹುಡುಗಿಗೆ ಜ್ವರ ಬಂದರೂ ತಾವೇ ಕೂತು ಗಂಜಿ ಕುಡಿಸಿದವರು. ನನ್ನ ಕ್ಲಾಸಿನ ದೇಯಿಯನ್ನು ಅವಳಪ್ಪ ಮದುವೆಗೆಂದು ಕರ್ಕೊಂಡು ಹೋಗುವಾಗ, ಅವಳು ಮೆಟ್ಟಿಲಲ್ಲಿ ತಿರುಗಿ 'ಬರ್ತೇನೆ ಮಿಸ್ಸಮ್ಮ' ಅಂದಳು. ನಾವೆಲ್ಲ ಹಾಗೆ ಹೇಳುದಲ್ವಾ? ಹೊರಟವರು 'ಹೋಗ್ತೇನೆ' ಅಂತ ಹೇಳ್ಲಿಕ್ಕುಂಟಾ? ಆದರೆ ಮಿಸ್ಸಮ್ಮ ನಂಬಿಬಿಟ್ಟರು... ಹುಡುಗಿ ಮಳೆಯಲ್ಲಿ ಬಂದು ಬಾಗಿಲು ಬಡಿಯುವ ಹಾಗೆ ಆಗ್ಬಾರ್ದು ಅಂತ, ಅಂದಿನಿಂದ ಹಿಂಬಾಗಿಲಿಗೆ ಅಗುಳಿ ಹಾಕ್ಲೇ ಇಲ್ಲ. 'ಅದು ಬಾಯಿಮಾತು ಮಿಸ್ಸಮ್ಮ' ಅಂತ ನಾವು ಹೇಳಿದ್ರೆ, 'ಬರ್ತೇನೆ ಅಂದಿದ್ದಾಳೆ,' ಅಷ್ಟೇ. ದೇಯಿ ಬರಲಿಲ್ಲ. ಮಿಸ್ಸಮ್ಮ ಇಲ್ಲೇ ತೀರಿಹೋದರು, ಶಾಲೆಯೂ ಮುಚ್ಚಿತು... ಖಾಲಿ ಇದ್ದಷ್ಟು ವರ್ಷ ಅಗುಳಿ ಅಲುಗಲಿಲ್ಲ. ಈಗ ಯಾಕೆ ಸರಿಯುದು? ನೀನೇ ಹೇಳು ಮಗಳೇ, ಬೀಗ ಹಾಕುವಾಗ ನೀನು ಎಂತ ಹೇಳುದು?"

ಮರೀನಾ ಕೈಯಲ್ಲಿದ್ದ ಬೀಗವನ್ನು ನೋಡಿದಳು. ಖಾಲಿ ಕೋಣೆಗಾದರೂ ಹೇಳದೆ ಹೊರಡಬಾರದೆಂದು ಅಮ್ಮ ಕಲಿಸಿದ್ದರು.

"ಬರ್ತೇನೆ... ಅಂತ."

"ಹಾಂ. ಹೇಳಿದ ಹಾಗೆ ಬರ್ತಿ ಕೂಡ. ಅವರಿಗೆ ಅಷ್ಟು ಸಾಕು."

ಮೋಕ್ಷಿತಾ ಚೀಲವನ್ನು ಮತ್ತೆ ಮೊಳೆಗೆ ತೂಗುಹಾಕಿ, ಮಗಳ ಕೈ ಹಿಡಿದುಕೊಂಡಳು.

ಮಳೆ ಸಣ್ಣದಾಯಿತು. ಮರೀನಾ ಎಲ್ಲರೆದುರೇ ಹಿಂಬಾಗಿಲಿಗೆ ಅಗುಳಿ ಹಾಕಿ ಬಂದಳು. ಒಬ್ಬೊಬ್ಬರೇ 'ಬರ್ತೇನೆ' ಅನ್ನದೆ ಮೆಟ್ಟಿಲಿಳಿದರು. ಕೊನೆಗೆ ಎದ್ದ ಅಜ್ಜಿ ಮಾತ್ರ ಕತ್ತಲ ಕೋಣೆಯತ್ತ ತಿರುಗಿದರು.

"ಬರ್ತೇನೆ ಮಿಸ್ಸಮ್ಮ."

ಒಳಗೆ ಮರಕ್ಕೆ ಮರ ಉಜ್ಜಿದ ಸದ್ದಾಯಿತು.

"ಕೇಳಿತಾ?" ಅಜ್ಜಿ ಮರೀನಾಳ ಕೆನ್ನೆ ಸವರಿದರು. "ನನಗೂ ವಯಸ್ಸಾಯ್ತು ಮಗಳೇ... ಒಂದು ದಿನ ಈ ಮುಂಬಾಗಿಲಿಂದ ನಾನು ಬಾರದಿದ್ದರೆ, ಮತ್ತೆ ಆ ಹಿಂಬಾಗಿಲ ಅಗುಳಿ ಹಾಕ್ಬೇಡ, ಆಯ್ತಾ?"